ಒಂದೇ ನೀರು, ಒಂದೇ ಒಲೆ

ನಮ್ಮ ಮನೆಯಲ್ಲಿ ಮೀನು ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ನಡುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟುಕೊಂಡು, ಅದರೊಳಗೆ ಬಣ್ಣಬಣ್ಣದ ಮೀನು ಬಿಟ್ಟುಕೊಂಡು, ಬೆಳಿಗ್ಗೆ ಸಂಜೆ ಅದರ ಮುಂದೆ ಬಾಯಿಬಿಟ್ಟುಕೊಂಡು ಕೂರುವುದಕ್ಕೆ ಅಡ್ಡಿಯಿಲ್ಲ. ಹೆಸರು ಹೇಳಬಾರದು, ಅಷ್ಟೇ. ಇದು ಅಜ್ಜಿಯ ಕಾನೂನು. ಅರಸೀಕೆರೆಯ ಕೊಬ್ಬರಿ ವ್ಯಾಪಾರದವರ ಮನೆ ನಮ್ಮದು. ದಿನಾ ಲಿಂಗಪೂಜೆ ಆಗದೆ ಒಂದು ಗುಟುಕು ನೀರೂ ಮುಟ್ಟದವರು ಅಜ್ಜಿ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, “ಏನ್ರಮ್ಮ, ನಿಮ್ಮನೇಗೂ ಮೀನು ಬಂತಂತೆ!” ಎಂದು ಕಿಚಾಯಿಸಿದ ದಿನವೇ ಅವರು ಆ ಮಾತಿಗೆ ನಿಷೇಧ ಹಾಕಿ, ‘ಜಲದವು’ ಎಂದು ಹೊಸ ಹೆಸರಿಟ್ಟರು. ಶಾಲೆಯಲ್ಲಿ ಮೇಷ್ಟ್ರು ನೀರಿನಲ್ಲಿ ಬಾಳುವ ಪ್ರಾಣಿಗಳ ಹೆಸರು ಕೇಳಿದಾಗ ನಾನು ಎದ್ದು ನಿಂತು ಆಮೆ, ಏಡಿ, ಕಪ್ಪೆ ಎಂದೆಲ್ಲ ಹೇಳಿ, ಆಮೇಲೆ ನಾಲಗೆ ಕಚ್ಚಿಕೊಂಡು ಸುಮ್ಮನೆ ನಿಂತುಬಿಟ್ಟೆ. ಇಡೀ ತರಗತಿ ನಕ್ಕಿತು. ನನಗೆ ಕೋಪ ಆಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ದಿನ ಮನೆಗೆ ಬಂದು ಅಜ್ಜಿಯ ಜೊತೆ ಮಾತು ಬಿಟ್ಟೆ.

ಮನೆ ಬಜಾರಿನ ಹಿಂದಿನ ಬೀದಿಯಲ್ಲಿತ್ತು. ಮುಂದೆ ಅಪ್ಪನ ಕೊಬ್ಬರಿ ಮಂಡಿ, ಅದರ ಹಿಂದೆ ನಡುಮನೆ, ನಡುಮನೆಯ ನೆತ್ತಿಯಲ್ಲಿ ಬೆಳಕಿಂಡಿ, ಆಮೇಲೆ ಅಡುಗೆಮನೆ, ಹಿತ್ತಿಲು, ಹಿತ್ತಿಲಿಗೆ ಅಂಟಿಕೊಂಡು ಹಳೆಯ ಗೋಣಿಚೀಲ ತುಂಬಿದ ಒಂದು ಕೋಣೆ. ಅಟ್ಟದ ತುಂಬ ತೆಂಗಿನಕಾಯಿ. ಅವು ಅಲ್ಲೇ ಕೂತು, ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿಯಾಗುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಪ್ಪ ಆಗಾಗ ಏಣಿ ಹತ್ತಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಗಡಗಡ ಎಂದರೆ ಆಗಿದೆ, ಗುಳುಗುಳು ಎಂದರೆ ಇನ್ನೂ ಆಗಿಲ್ಲ. ಕೊಬ್ಬರಿ ಸುಲಿದ ಮೇಲೆ ಉಳಿದ ಕರಟವೆಲ್ಲ ಅಡುಗೆಮನೆಯ ಒಲೆಗೆ. ನಮ್ಮ ಬಟ್ಟೆ, ಪುಸ್ತಕ, ತಲೆದಿಂಬು ಎಲ್ಲಕ್ಕೂ ಕರಟದ ಹೊಗೆಯ ವಾಸನೆ. ಆ ಒಲೆ ಅಜ್ಜಿಯ ಪಾಲಿಗೆ ಬರೀ ಒಲೆಯಲ್ಲ. ಅವರು ಗಂಡಸಿ ಊರಿನ ಕಡೆಯಿಂದ ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಎರಡನೆಯ ಒಲೆ ಹಚ್ಚಿದವರಿಲ್ಲ. ಬೀದಿಯಲ್ಲಿ ಅಣ್ಣತಮ್ಮಂದಿರು ಪಾಲಾಗಿ ಗೋಡೆ ಎಬ್ಬಿಸಿಕೊಂಡ ಸುದ್ದಿ ಬಂದಾಗಲೆಲ್ಲ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳುತ್ತಿದ್ದರು.

“ಒಲೆ ಎರಡಾದ್ರೆ ಮನೆ ಎರಡಾದಂಗೇ ಕಣೇ. ನಾನು ಇರೋವರ್ಗೂ ಈ ಮನೇಲಿ ಒಂದೇ ಬೆಂಕಿ.”

ಇಂಥ ಮನೆಗೆ ವಿಮಲ ಚಿಕ್ಕಮ್ಮ ಸೊಸೆಯಾಗಿ ಬಂದರು. ಅಪ್ಪನ ತಮ್ಮ, ಅಂದರೆ ನಮ್ಮ ಚಂದ್ರು ಚಿಕ್ಕಪ್ಪನ ಹೆಂಡತಿ. ಹಳೇಬೀಡಿನ ಮೇಷ್ಟ್ರ ಮಗಳು. ತವರಿನಿಂದ ಬೇರೆಯವರು ಬೀರು, ಮಂಚ ತಂದರೆ ಇವರು ಗಾಜಿನ ತೊಟ್ಟಿ ತಂದರು. ಹಳೇಬೀಡಿನ ಕೆರೆಯ ಏರಿಯ ಮೇಲೆ ಆಡಿ ಬೆಳೆದವರು, ಚಿಕ್ಕಂದಿನಿಂದ ಕೆರೆಯ ಮರಿಮೀನುಗಳನ್ನು ಸೀಸೆಯಲ್ಲಿ ಸಾಕಿದವರು. ಬೆಳಕಿಂಡಿಯ ಕೆಳಗೆ, ಬಿಸಿಲು ನೇರವಾಗಿ ಬೀಳದ ಕಡೆ, ತೊಟ್ಟಿಗೆ ಜಾಗ ಮಾಡಿಕೊಂಡರು. ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ತವರಿಗೆ ಹೋದರು. ಕೆರೆಯ ಅಂಚಿನ ಗೋಡುಮಣ್ಣು, ಪಟ್ಟಿಯಂತೆ ಉದ್ದವಾದ ನೀರುಹುಲ್ಲು, ಕೈಗೆ ಸಿಕ್ಕಿದ ಇನ್ನೊಂದೆರಡು ಜಾತಿಯ ಗಿಡಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ಬಂದೆವು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, “ಯಾವ ಸೊಪ್ಪಮ್ಮ ಅದು? ಬಸ್ಸಾರಿಗೆ ಚೆನ್ನಾಗಿರ್ತದಾ?” ಎಂದು ಕೇಳಿದಳು. ತೊಟ್ಟಿಯ ತಳಕ್ಕೆ ಮಣ್ಣು, ಅದರ ಮೇಲೆ ಏಳೆಂಟು ನೀರಿನಲ್ಲಿ ತೊಳೆದ ಮರಳು, ಮರಳಿನಲ್ಲಿ ಗಿಡ. ಮೂಲೆಗೆ ಅರ್ಧ ಕರಟ ಬೋರಲು ಹಾಕಿ, ಅಂಚಿನಲ್ಲಿ ಬಾಗಿಲಿನಂತೆ ಒಡೆದು ಒಂದು ಗುಹೆ. ಕರಟವನ್ನು ಬೇಯಿಸಿ ಬೇಯಿಸಿ ಬಣ್ಣ ಬಿಡಿಸಿದ್ದು ಅಡುಗೆಮನೆಯ ಒಲೆಯ ಮೇಲೇ. ಅಮ್ಮ ಆಗಲೇ ಒಂದು ಸಲ ಮೂಗು ಮುರಿದಿದ್ದರು.

ನೀರು ತುಂಬಿದ ಮೇಲೆ ಚಿಕ್ಕಮ್ಮ ಕೈ ಒರೆಸಿಕೊಂಡು ಸುಮ್ಮನೆ ಕೂತರು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಒಂದು ಮೀನೂ ಇಲ್ಲ. ಮಂಡಿಗೆ ಬಂದ ರೈತರೆಲ್ಲ ಇಣುಕಿ ನೋಡಿ, “ಇದೇನ್ ಸ್ವಾಮಿ, ಗಾಜಲ್ಲಿ ಗದ್ದೆ ಮಾಡಿದೀರಾ?” ಎಂದು ಹಾಸ್ಯ ಮಾಡಿದರು. ನಾನಂತೂ ತಾಳಲಾರದೆ ಚಿಕ್ಕಮ್ಮನ ಸೆರಗು ಜಗ್ಗಿದೆ.

“ಯಾವಾಗ ಬಿಡ್ತೀರಾ ಚಿಕ್ಕಮ್ಮ?”

“ಮೊದ್ಲು ಗಿಡ ಬೇರು ಬಿಡ್ಲಿ ಕಣೇ ಉಮಾ. ಹೊಸ ನೀರು ಹಸಿ. ಅದು ಹಣ್ಣಾಗ್ಬೇಕು.”

ಎಲ್ಲರೂ ನಕ್ಕರು, ಅಪ್ಪ ಒಬ್ಬರು ನಗಲಿಲ್ಲ. ಅಟ್ಟದ ಕಡೆ ಒಮ್ಮೆ ನೋಡಿ, “ಸರಿಯಾಗಿ ಹೇಳ್ತಿದಾಳೆ, ಕಾಯ್ಬೇಕು” ಎಂದರು. ಕಡೆಗೊಂದು ದಿನ ಚಿಕ್ಕಪ್ಪ ಹಾಸನದಿಂದ ಗಪ್ಪಿ ಮೀನುಗಳನ್ನು ತಂದರು. ಕಿರುಬೆರಳಿನ ಅರ್ಧದಷ್ಟು ಮೈ, ಮೈಗಿಂತ ದೊಡ್ಡ ಬಣ್ಣದ ಬಾಲ. ಚಿಕ್ಕಪ್ಪನಿಗೆ ಗೋಲ್ಡ್ ಫಿಶ್ ಆಸೆ. ಅವು ಗಿಡ ಕೀಳುತ್ತವೆ, ಬೇಡ ಎಂದರು ಚಿಕ್ಕಮ್ಮ. ಹುಲಿಪಟ್ಟೆಯ ಮೀನು ಚೆನ್ನಾಗಿದೆ ಎಂದರೆ, ಅವು ಬಾಲ ಕಚ್ಚುವ ಪೋಕರಿಗಳು, ಬೇಡ ಎಂದರು. ಹೆಣ್ಣು ನೋಡುವುದಕ್ಕೆ ಹೋದವರು ಕೂಡ ಇಷ್ಟು ವಿಚಾರಿಸುವುದಿಲ್ಲ ಎಂದು ಚಿಕ್ಕಪ್ಪ ಗೊಣಗಿದರು. ಅಜ್ಜಿ ತೊಟ್ಟಿಗೆ ಒಪ್ಪಿಗೆ ಕೊಟ್ಟಿದ್ದೂ ಒಂದು ಷರತ್ತಿನ ಮೇಲೆ.

“ನೋಡು ವಿಮಲ, ಇದು ಜೀವ ತಿನ್ನೋ ಮನೆ ಅಲ್ಲ. ಈ ನೀರೊಳಗೆ ಒಂದು ಇನ್ನೊಂದನ್ನ ಕಚ್ಚಿ ಸಾಯಿಸಿದ್ದು ನನ್ನ ಕಣ್ಣಿಗೆ ಬಿತ್ತೋ, ಅವತ್ತೇ ತೊಟ್ಟಿ ಹಿತ್ತಿಲಿಗೆ.”

ಒಂದು ತಿಂಗಳಾಗುವುದರೊಳಗೆ ಅಜ್ಜಿಯೇ ಆ ತೊಟ್ಟಿಗೆ ಮರುಳಾದರು. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಂದು ಮಣೆ ಹಾಕಿಕೊಂಡು ಕೂರುತ್ತಿದ್ದರು. ಗಿಡದ ಜೊತೆ ಬಂದ ಬಸವನಹುಳು ಗಾಜಿನ ಮೇಲೆ ತೆವಳಿದರೆ ಕೈ ಮುಗಿಯುತ್ತಿದ್ದರು. ಅದರ ಹೆಸರಿನಲ್ಲೇ ಬಸವಣ್ಣ ಇದ್ದಾನಲ್ಲ! ಗಪ್ಪಿಗಳಲ್ಲಿ ಕಿತ್ತಳೆ ಬಾಲದ ದೊಡ್ಡದೊಂದಕ್ಕೆ ಕೆಂಪಣ್ಣ ಎಂದು ಹೆಸರಿಟ್ಟರು. ಅಜ್ಜಿ ಬಂದರೆ ಸಾಕು, ಕೆಂಪಣ್ಣ ಗಾಜಿನ ಹತ್ತಿರ ಬಂದು ಮೈ ಕುಣಿಸುತ್ತಿದ್ದ. “ಏನು ತಿನ್ನಿಸ್ತೀಯೇ ಇವಕ್ಕೆ?” ಎಂದು ಅಜ್ಜಿ ಕೇಳಿದರೆ ಚಿಕ್ಕಮ್ಮ ಬೆಂದ ಬಟಾಣಿ ತೋರಿಸುತ್ತಿದ್ದರು. ಹಿತ್ತಿಲ ನೀರುತೊಟ್ಟಿಯಿಂದ ಸೋಸಿ ತರುತ್ತಿದ್ದ ಸೊಳ್ಳೆಮರಿಯ ವಿಷಯ ನನಗೂ ಅವರಿಗೂ ಮಾತ್ರ ಗೊತ್ತು.

ತೊಟ್ಟಿಯೊಳಗೆ ಹೀಗೆ ಎಲ್ಲ ಸುಖವಾಗಿದ್ದರೆ, ಅಡುಗೆಮನೆಯೊಳಗೆ ಅಮ್ಮನಿಗೂ ಚಿಕ್ಕಮ್ಮನಿಗೂ ಎಣ್ಣೆ ಸೀಗೆಕಾಯಿ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ, ಅದೇ ಕಷ್ಟ. ಅಮ್ಮನಿಗೆ ಎಲ್ಲ ಬೇಗ ಬೇಗ ಆಗಬೇಕು, ಪಾತ್ರೆ ಸದ್ದು ಮಾಡಬೇಕು, ಮಾತು ಜೋರಾಗಿರಬೇಕು. ಚಿಕ್ಕಮ್ಮನಿಗೆ ಒಂದು ಈರುಳ್ಳಿ ಹೆಚ್ಚುವುದಕ್ಕೂ ನೆಮ್ಮದಿ ಬೇಕು. ಚಿಕ್ಕಮ್ಮನ ತವರಿನಲ್ಲಿ ಸಾರಿಗೆ ಬೆಲ್ಲ ಹಾಕುತ್ತಿದ್ದರು. ನಮ್ಮಲ್ಲಿ ಬೆಲ್ಲ ಅಂದರೆ ಹಬ್ಬಕ್ಕೆ. ಒಂದು ಮಧ್ಯಾಹ್ನ ಅವರು ಯಾರಿಗೂ ಹೇಳದೆ ಸಾರಿಗೆ ಚೂರು ಬೆಲ್ಲ ಹಾಕಿಬಿಟ್ಟರು. ಅಮ್ಮ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು.

“ಏನ್ ವಿಮಲ ಇದು, ಸಾರೋ ಪಾಯಸವೋ?”

“ಒಂದು ಚೂರು ಹಾಕಿದೀನಿ ಅಕ್ಕ, ಹುಳಿ ಜಾಸ್ತಿ ಆಗಿತ್ತು.”

“ಹುಳಿ ಹಾಕಿದೋಳು ನಾನೇ ಅಲ್ವಾ? ನನ್ ಕೈ ಸರಿ ಇಲ್ಲ ಅನ್ನು.”

ಅವತ್ತಿನಿಂದ ಮಾತು ನಿಂತಿತು. ಆಮೇಲೆ ಅವರಿಬ್ಬರ ನಡುವಿನ ಅಂಚೆ ನಾನೇ. “ಉಮಾ, ನಿಮ್ ಚಿಕ್ಕಮ್ಮಂಗೆ ಹೇಳು, ಒಲೆ ಮೇಲೆ ಹಾಲಿದೆ, ನೋಡ್ಕೊಳೋಕೆ.” “ಉಮಾ, ನಿಮ್ಮಮ್ಮಂಗೆ ಹೇಳು, ನೋಡ್ಕೊಂಡೇ ಇದೀನಿ ಅಂತ.” ಒಲೆಯ ಮುಂದೆ ಇಬ್ಬರೂ ಮೊಳದ ಅಂತರದಲ್ಲಿ ನಿಂತಿರುತ್ತಿದ್ದರು, ನಾನು ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಚಿಕ್ಕಮ್ಮ ಎಲ್ಲರದ್ದೂ ಆದ ಮೇಲೆ ಒಬ್ಬರೇ ಕೂತು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು. ಬಳೆ ಮುಂಗೈಯಿಂದ ಮೊಣಕೈಗೆ ಜಾರುವಷ್ಟು ಸೊರಗಿದರು. ಕಡೆಗೆ ಚಿಕ್ಕಪ್ಪ ಧೈರ್ಯ ಮಾಡಿ ಅಜ್ಜಿಯ ಮುಂದೆ ನಿಂತರು.

“ಅವ್ವ, ಹಿತ್ತಿಲ ಕೋಣೆ ಖಾಲಿ ಮಾಡ್ಕೊಡು. ಅಲ್ಲೊಂದು ಒಲೆ ಹಾಕ್ಕೊಂತೀವಿ. ಇದೇ ಮನೇಲೇ ಇರ್ತೀವಿ, ಅಡುಗೆ ಒಂದು ಬೇರೆ.”

“ಏನ್ಲಾ ಅಂದೆ? ನಿಮ್ಮಪ್ಪ ಹಚ್ಚಿದ್ ಬೆಂಕಿ ಸಾಕಾಯ್ತೇನ್ಲಾ ನಿಂಗೆ?”

“ಹಂಗಲ್ಲವ್ವ. ಆಗಲ್ಲ ಅಂದ್ರೆ ನಾವು ಹಳೇಬೀಡಿಗೆ ಹೋಗ್ತೀವಿ. ಅಲ್ಲೊಂದು ಅಂಗಡಿ ಇಟ್ಕೊಂಡು ಬದುಕ್ತೀನಿ. ಇವಳು ಹಿಂಗೇ ಇದ್ರೆ ಉಳಿಯಲ್ಲ.”

ಅಜ್ಜಿ ಯುಗಾದಿ ಕಳೆಯಲಿ, ನೋಡೋಣ ಎಂದಷ್ಟೇ ಹೇಳಿ ಎದ್ದರು. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಚಿಕ್ಕಮ್ಮ ಹೋದರೆ ತೊಟ್ಟಿ ಹೋಗುತ್ತದೆ ಎಂಬುದು ಆಮೇಲಿನ ಮಾತು. ನನ್ನ ಜಡೆ ಹಾಕುವಾಗ ತಲೆ ಎಳೆಯದೆ ಹಾಕುತ್ತಿದ್ದವರು ಆ ಮನೆಯಲ್ಲಿ ಅವರೊಬ್ಬರೇ. ನನಗೆ ಅವರು ಬೇಕಾಗಿತ್ತು. ಅಮ್ಮನ ಮೇಲೆ ಸಿಟ್ಟು, ಅಜ್ಜಿಯ ಮೇಲೆ ಸಿಟ್ಟು, ಆ ಒಲೆಯ ಮೇಲಂತೂ ಇನ್ನೂ ಸಿಟ್ಟು.

ಅದೇ ಹೊತ್ತಿಗೆ ಚಿಕ್ಕಪ್ಪ ಹಾಸನದಿಂದ ಇನ್ನೊಂದು ಮೀನು ತಂದಿದ್ದರು. ಕಡುನೀಲಿ ಮೈ, ಬಾವುಟದಂಥ ರೆಕ್ಕೆ; ಅಂಗಡಿಯವರು ಫೈಟರ್ ಎಂದು ಕರೆಯುವ ಮೀನು. ಅಂಗೈಯಗಲದ ಪ್ಲಾಸ್ಟಿಕ್ ಕವರಿನಲ್ಲಿ ನೇತುಹಾಕಿದ್ದರಂತೆ, ಕನಿಕರಪಟ್ಟು ತಂದರಂತೆ. ಚಿಕ್ಕಮ್ಮ ಅದನ್ನು ತೊಟ್ಟಿಗೆ ಬಿಡದೆ, ಅಗಲಬಾಯಿಯ ಗಾಜಿನ ಭರಣಿಯಲ್ಲಿ ಒಂದು ಗಿಡದ ಜೊತೆ ಹಾಕಿ ನಡುಮನೆಯ ಕಿಟಕಿಯಲ್ಲಿಟ್ಟರು. ಅದಕ್ಕೆ ತನ್ನ ನೀರಿನಲ್ಲಿ ಇನ್ನೊಬ್ಬರು ಇರಬಾರದು, ದೊಡ್ಡ ಬಾಲದವರನ್ನು ಕಂಡರಂತೂ ಮೈಮೇಲೆ ಹೋಗುತ್ತದೆ ಎಂದು ಎಲ್ಲರಿಗೂ ಹೇಳಿದರು. ಅಜ್ಜಿ ಕೇಳಿಸಿಕೊಂಡರು, ಒಪ್ಪಲಿಲ್ಲ. ಭರಣಿಯ ಮುಂದೆ ಹೋದಾಗಲೆಲ್ಲ, “ಪಾಪ, ಒಂಟಿ ಜೀವ” ಎಂದು ಲೊಚಗುಟ್ಟುತ್ತಿದ್ದರು. ಅದಕ್ಕೆ ಒಂಟಿಗ ಎಂದೇ ಹೆಸರಾಯಿತು.

ನಮ್ಮ ಮನೆಯಲ್ಲಿ ಯುಗಾದಿಗೆ ಒಂದು ಪದ್ಧತಿ. ಆ ದಿನ ಯಾರೂ ಒಬ್ಬರೇ ಉಣ್ಣುವಂತಿಲ್ಲ. ಮಾತು ಬಿಟ್ಟವರು, ಮುಖ ತಿರುಗಿಸಿಕೊಂಡವರು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು, ಅಜ್ಜಿಯ ಕೈಯಿಂದ ಬೇವುಬೆಲ್ಲ ತಿಂದು, ಜಗಳವಿದ್ದರೆ ಅಲ್ಲಿಗೇ ಮುಗಿಸಬೇಕು. ಹಿಂದೆ ಎಷ್ಟೋ ಮುನಿಸು ಆ ಪಂಕ್ತಿಯಲ್ಲೇ ಕರಗಿದ್ದವಂತೆ. ಆ ಸಲ ಅಜ್ಜಿ ಬೇಕೆಂದೇ ಅಮ್ಮನನ್ನೂ ಚಿಕ್ಕಮ್ಮನನ್ನೂ ಪಕ್ಕಪಕ್ಕದ ಎಲೆಗೆ ಕೂರಿಸಿದರು. ಇಬ್ಬರೂ ಬೇವುಬೆಲ್ಲ ತಿಂದರು, ಒಬ್ಬಟ್ಟು ತಿಂದರು, ಒಬ್ಬರ ಎಲೆಯನ್ನು ಇನ್ನೊಬ್ಬರು ನೋಡಲಿಲ್ಲ. ಅಜ್ಜಿ ಸೋಲುವವರಲ್ಲ. ಊಟವಾದ ಮೇಲೆ ಎಲ್ಲರೂ ಒಬ್ಬಟ್ಟಿನ ಭಾರಕ್ಕೆ ಅಡ್ಡಾದರು. ನಾನು ನಡುಮನೆಯಲ್ಲಿ ಎಲೆ ಅಡಿಕೆ ತಟ್ಟೆ ಎತ್ತಿಡುತ್ತಿದ್ದೆ. ಅಜ್ಜಿ ಕಿಟಕಿಯ ಹತ್ತಿರ ಹೋಗಿ, ಭರಣಿ ಎತ್ತಿಕೊಂಡು ತೊಟ್ಟಿಯ ಹತ್ತಿರ ಬಂದರು.

“ಅಜ್ಜೀ, ಚಿಕ್ಕಮ್ಮ ಬೇಡ ಅಂದವ್ರೆ!”

“ಸುಮ್ಕಿರೇ. ವರ್ಷದ ಹಬ್ಬದ ದಿನ ಒಬ್ನೇ ಕೂತು ಉಣ್ಣಾದಾ? ಕೂಡಿದ್ರೆ ತಾನೇ ಹೊಂದ್ಕಂತಾನೆ.”

ಭರಣಿ ಬಗ್ಗಿತು. ಒಂಟಿಗ ಗಿಡದ ಸಮೇತ ತೊಟ್ಟಿಯೊಳಗೆ ಜಾರಿದ.

ಮೊದಲು ಏನೂ ಆಗಲಿಲ್ಲ. ಅವನು ಹುಲ್ಲಿನ ನಡುವೆ ಒಂದು ಸುತ್ತು ಹಾಕಿದ. ಅಜ್ಜಿ ನನ್ನ ಕಡೆ ತಿರುಗಿ, “ಕಂಡ್ಯಾ?” ಎಂದು ಹುಬ್ಬು ಹಾರಿಸಿ, ಅಲ್ಲೇ ಕಂಬಕ್ಕೊರಗಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಕೆಂಪಣ್ಣ, ಪಾಪ, ಎಂದಿನಂತೆ ಗಾಜಿನ ಹತ್ತಿರ ಬಂದು ಅಜ್ಜಿಗೆ ಬಾಲ ಕುಣಿಸಿದ. ಒಂಟಿಗ ಅದನ್ನು ನೋಡಿದ. ಕಿವಿರು ಅರಳಿಸಿಕೊಂಡು ನುಗ್ಗಿದ. ಕೆಂಪಣ್ಣನ ಬಾಲದ ಚೂರೊಂದು ನೀರಿನಲ್ಲಿ ತೇಲಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಉಳಿದ ಗಪ್ಪಿಗಳೂ ಸುಮ್ಮನಿರಲಿಲ್ಲ. ಹಿಂದಿನಿಂದ ಬಂದು ಒಂಟಿಗನ ರೆಕ್ಕೆಯನ್ನು ಕಿತ್ತು ಕಿತ್ತು ಓಡಿದವು. ನಾನು ಮನೆ ಹಾರಿಹೋಗುವಂತೆ ಕಿರುಚಿದೆ.

ಚಿಕ್ಕಮ್ಮ ಓಡಿಬಂದರು, ಅವರ ಹಿಂದೆ ಅಮ್ಮ. ಚಿಕ್ಕಮ್ಮ ಲೋಟ ಮುಳುಗಿಸಿದರು, ಕೈ ಹಾಕಿದರು, ಒಂಟಿಗ ಸಿಗಲಿಲ್ಲ. ಅಮ್ಮ ಅಡುಗೆಮನೆಗೆ ಓಡಿ, ಹಾಲು ಸೋಸುವ ಜರಡಿ ತಂದು ಅವರ ಕೈಗೆ ತುರುಕಿದರು. ಎಂಜಲು ಕೈಯಲ್ಲಿ ಮುಟ್ಟಿದರೂ ಮೂರು ಸಲ ತೊಳೆಸುತ್ತಿದ್ದ ಜರಡಿ ಅದು.

“ತಗೋ ವಿಮಲ, ಇದ್ರಲ್ಲಿ ಹಿಡಿ! ಬೇಗ!”

“ಅಕ್ಕ, ಇದು ಹಾಲಿಂದು…”

“ಹಾಲು ಹಾಳಾಗೋಗ್ಲಿ, ಹಿಡಿಯೇ ಮೊದ್ಲು!”

ತಿಂಗಳುಗಳ ಮೇಲೆ ಅವರಿಬ್ಬರೂ ನನ್ನನ್ನು ನಡುವೆ ನಿಲ್ಲಿಸಿಕೊಳ್ಳದೆ ಆಡಿದ ಮಾತು ಅದು. ಒಂಟಿಗ ಮತ್ತೆ ಭರಣಿಗೆ ಹೋದ, ರೆಕ್ಕೆ ಚಿಂದಿಯಾಗಿತ್ತು. ಕೆಂಪಣ್ಣ ಕರಟದ ಗುಹೆಯೊಳಗೆ ಹೊಕ್ಕವನು ಈಚೆಗೆ ಬರಲಿಲ್ಲ. ಅಜ್ಜಿ ಮಣೆ ಹಾಕಿಕೊಂಡು ಕರಟದ ಬಾಗಿಲನ್ನೇ ನೋಡುತ್ತ ಕೂತರು. ಹಬ್ಬದ ಸಂಜೆ ಬೀದಿಯವರೆಲ್ಲ ಬಂದು ಹೋದರು, ಅವರು ಏಳಲಿಲ್ಲ. ಚಿಕ್ಕಮ್ಮ ಒಂದು ಗದರಿಕೆಯ ಮಾತೂ ಆಡದೆ ಅವರ ಪಕ್ಕ ನೆಲದ ಮೇಲೆ ಕೂತರು. ಅಜ್ಜಿಯೇ ಕೇಳಿದರು.

“ಯಾರ್ದು ತಪ್ಪು ವಿಮಲ? ಆ ಒಂಟಿಗಂದಾ?”

“ಅವನು ಕೆಟ್ಟೋನಲ್ಲ ಅತ್ತೆ. ಇವೂ ಕೆಟ್ಟವಲ್ಲ. ಒಂದೇ ನೀರು ಆಗಿಬರಲ್ಲ, ಅಷ್ಟೇ. ಬೇರೆ ಬೇರೆ ಇಟ್ರೆ ಇಬ್ರೂ ಚೆನ್ನಾಗಿರ್ತಾರೆ.”

ಹೇಳುವಾಗ ಚಿಕ್ಕಮ್ಮನ ಮನಸ್ಸಿನಲ್ಲಿ ಮೀನು ಬಿಟ್ಟು ಬೇರೇನೂ ಇರಲಿಲ್ಲ, ಆಣೆ ಇಟ್ಟು ಹೇಳುತ್ತೇನೆ. ಅಜ್ಜಿಯ ಮನಸ್ಸಿನಲ್ಲಿ ಏನಿತ್ತೋ.

ಬೆಳಿಗ್ಗೆ ಕೆಂಪಣ್ಣ ಮೇಲೆ ತೇಲುತ್ತಿದ್ದ. ಅಜ್ಜಿ ಅವನನ್ನು ತಾವೇ ಎತ್ತಿ, ವೀಳ್ಯದೆಲೆಯಲ್ಲಿಟ್ಟು, ಚಿಟಿಕೆ ವಿಭೂತಿ ಹಾಕಿ, ಹಿತ್ತಿಲ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಿದರು. ನಮ್ಮವರನ್ನು ನಾವು ಹೀಗೆಯೇ ಮಣ್ಣಿಗೆ ಕೊಡುವುದು. ನಾನು ಬಿಕ್ಕಿ ಬಿಕ್ಕಿ ಅತ್ತೆ, ಅರ್ಧ ಕೆಂಪಣ್ಣನಿಗೆ, ಅರ್ಧ ಚಿಕ್ಕಮ್ಮನಿಗೆ. ಯುಗಾದಿ ಕಳೆದಿತ್ತು. ಅಜ್ಜಿಯ ಷರತ್ತೂ ಎಲ್ಲರಿಗೂ ನೆನಪಿತ್ತು. ಅಪ್ಪ, ಚಿಕ್ಕಪ್ಪ, ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಚಿಕ್ಕಮ್ಮ ಸೆರಗಿನ ತುದಿ ಹಿಡಿದುಕೊಂಡು ತಾವಾಗಿಯೇ ಹೇಳಿದರು.

“ಅತ್ತೆ, ನಿಮ್ಮ ಮಾತಿನಂತೆ ತೊಟ್ಟೀನ ಇಲ್ಲೇ ಹಿತ್ತಿಲಿಗೆ ತಂದಿಡಿಸ್ತೀನಿ.”

ಅಜ್ಜಿ ಕೈಯ ಮಣ್ಣು ಕೊಡವಿದರು.

“ತೊಟ್ಟಿ ಎಲ್ಲೈತೋ ಅಲ್ಲೇ ಇರ್ಲಿ. ಕಚ್ಚಾಡಿದ್ದು ಅವಲ್ಲ, ಕಚ್ಚಾಡಂಗೆ ಮಾಡ್ದೋಳು ನಾನು.” ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದರು. “ಚಂದ್ರು, ಆ ಕೋಣೆ ಗೋಣಿಚೀಲ ಎಲ್ಲ ಈಚೆಗೆ ಹಾಕ್ಲಾ. ಇಟ್ಟಿಗೆ ತರ್ಸು. ಒಲೆ ನಾನೇ ಹಾಕ್ಕೊಡ್ತೀನಿ.”

ಅಪ್ಪ, “ಅವ್ವ, ಜನ ಏನಂತಾರೆ?” ಎಂದರು.

“ಜನಕ್ಕೇನು, ನಿನ್ನೆ ನನ್ ಜೊತೆ ಕೂತು ನೋಡಿದ್ರಾ ಅವ್ರು?”

ಒಲೆ ಆಯಿತು. ಅಜ್ಜಿ ಹಳೆಯ ಒಲೆಯಿಂದ ಕರಟದಲ್ಲಿ ಕೆಂಡ ತೆಗೆದುಕೊಂಡು ಹೋಗಿ ಹೊಸ ಒಲೆ ಹೊತ್ತಿಸಿದರು. ಬೆಂಕಿ ಒಂದೇ, ಒಲೆ ಎರಡು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹಾಲು ಉಕ್ಕಿತು. ಆದರೂ ಆ ದಿನ ಮನೆ ಬಿಕೋ ಎನ್ನುತ್ತಿತ್ತು. ಅಮ್ಮ ಬೆಳಗಿನಿಂದ ಪಾತ್ರೆ ಸದ್ದು ಮಾಡಲಿಲ್ಲ. ಎರಡು ಸಲ, “ವಿಮಲ, ಉಪ್ಪು…” ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಉಪ್ಪು ತಾವೇ ತೆಗೆದುಕೊಂಡರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ, “ಬೇರೆ ಆದ್ರಂತೆ?” ಎಂದಾಗ, “ಆದ್ರೆ ನಿಮಗೇನ್ರೀ?” ಎಂದು ಅಮ್ಮ ರೇಗಿದ ಪರಿಗೆ ಆ ತಲೆ ಮತ್ತೆ ವಾರಗಟ್ಟಲೆ ಕಾಣಿಸಲಿಲ್ಲ.

ಈಗ ಬೇಲೂರಿನ ನನ್ನ ಮನೆಯಲ್ಲೂ ಗಿಡದ ತೊಟ್ಟಿಯಿದೆ, ಕಿಟಕಿಯಲ್ಲಿ ಒಂದು ಭರಣಿಯೂ ಇದೆ. ಯಾವ ಮೀನಿನ ಜೊತೆ ಯಾವುದು ಹೊಂದುತ್ತದೆ ಎಂದು ಕೇಳಿಕೊಂಡು ಬರುವವರಿಗೆ ನಾನು, ಮೊದಲು ಕೂತು ನೋಡಿ, ಯಾರು ಮೂಲೆ ಸೇರುತ್ತಿದ್ದಾರೆ ನೋಡಿ ಎನ್ನುತ್ತೇನೆ. ಅವರು ತಲೆಯಾಡಿಸಿ ಹೋಗಿ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅಜ್ಜಿಯ ನೆನಪಾಗುತ್ತದೆ, ಸಿಟ್ಟು ಇಳಿಯುತ್ತದೆ. ಹಾಲಿನ ಜರಡಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಅದೇ ನನ್ನ ಮೀನಿನ ಬಲೆ.

ಹೊಸ ಒಲೆ ಹೊತ್ತಿಸಿದ ಆ ದಿನ ಮಧ್ಯಾಹ್ನ ಚಿಕ್ಕಮ್ಮ ನನ್ನನ್ನು ಕರೆದು ಒಂದು ಲೋಟ ಸಾರು ಕೈಗಿಟ್ಟರು. ಘಮ್ಮೆನ್ನುತ್ತಿತ್ತು, ಬೆಲ್ಲ ಬಿದ್ದಿರುವುದು ವಾಸನೆಯಲ್ಲೇ ಗೊತ್ತಾಗುತ್ತಿತ್ತು. “ಅಕ್ಕಂಗೆ ಕೊಡು” ಎಂದರು. ನಾನು ಹಿತ್ತಿಲು ದಾಟಿ ಬಂದು ಅಮ್ಮನ ಮುಂದೆ ಲೋಟ ಇಟ್ಟೆ. ಅಮ್ಮ ಅದನ್ನು ನೋಡಿದರು, ಬಾಗಿಲ ಕಡೆ ನೋಡಿದರು, ನಿಂತಲ್ಲೇ ಎತ್ತಿ ಗಟಗಟ ಕುಡಿದರು. ತಳದಲ್ಲಿ ಉಳಿದ ಬೇಳೆಯನ್ನೂ ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡರು. ಆಮೇಲೆ ಲೋಟ ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿ ಹೇಳಿದರು.

“ಹೋಗಿ ಇನ್ನೊಂದು ಲೋಟ ಇಸ್ಕೊಂಡ್ ಬಾ. ನಾನು ಕೇಳ್ದೆ ಅಂತ ಹೇಳ್ಬೇಡ.”

ನಾನು ಹಿತ್ತಿಲಿನಲ್ಲೇ ಕೂಗಿದೆ, “ಚಿಕ್ಕಮ್ಮಾ, ಅಮ್ಮ ಇನ್ನೊಂದು ಲೋಟ ಕೇಳ್ತಾ ಇದಾರೆ!”

ಚಿಕ್ಕಮ್ಮ ಒಲೆಯ ಕಡೆ ತಿರುಗಿಕೊಂಡು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಹೊಸ ಒಲೆ, ಹೊಗೆ ಜಾಸ್ತಿ ಎಂದರು. ಆಮೇಲೆ ನನ್ನ ಕೈಯ ಲೋಟವನ್ನು ಪಕ್ಕಕ್ಕಿಟ್ಟು, ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನೇ ಇಳಿಸಿ, ಎರಡು ಕೈಯಲ್ಲಿ ಹಿಡಿದುಕೊಂಡು, ತಾವೇ ಹಿತ್ತಿಲು ದಾಟಿ ಅಮ್ಮನ ಅಡುಗೆಮನೆಯ ಕಡೆ ನಡೆದರು.